ಅಪ್‌ಡೇಟ್: ಅಪೊಬಿ, ಎಲ್‌ಪಿ(ಎ) ರಿಪೋರ್ಟ್ ಬಂತು

ಅಪ್ಪನಿಗೆ 46ಕ್ಕೇ ಹಾರ್ಟ್ ಅಟ್ಯಾಕ್ ಆಗಿತ್ತು, ನನ್ನ ಎಲ್‌ಡಿಎಲ್ (ಕೆಟ್ಟ ಕೊಲೆಸ್ಟ್ರಾಲ್) 108 ಇದೆ, ಇನ್ನೂ ಟೆಸ್ಟ್ ಬೇಕಾ ಅಂತ ಕೇಳಿದ್ದೆ. ಮಾಡಿಸಿ ಎಂದವರಿಗೆಲ್ಲ ತುಂಬಾ ಥ್ಯಾಂಕ್ಸ್.

ಅಪೊಬಿ (ರಕ್ತದಲ್ಲಿ ಕೊಲೆಸ್ಟ್ರಾಲ್ ಹೊರುವ ಕಣಗಳ ಮೇಲಿನ ಪ್ರೋಟೀನ್) 119 ಬಂದಿದೆ. ಡಾಕ್ಟರು ರಿಪೋರ್ಟಿನ ಹಿಂಬದಿಯಲ್ಲಿ ಪೆನ್ನಿನಿಂದ ಚುಕ್ಕಿ ಹಾಕಿ ತೋರಿಸಿದರು. ಎಲ್‌ಡಿಎಲ್ ನಂಬರ್ ಹೇಳುವುದು ಕಣಗಳ ಒಳಗೆ ಎಷ್ಟು ಕೊಲೆಸ್ಟ್ರಾಲ್ ಇದೆ ಅಂತ. ರಕ್ತನಾಳದ ಗೋಡೆಯೊಳಗೆ ಸೇರಿ ತೊಂದರೆ ಕೊಡುವ ಪ್ರತಿ ಕಣದಲ್ಲೂ ಒಂದೇ ಒಂದು ಅಪೊಬಿ ಇರುತ್ತದೆ. ಹಾಗಾಗಿ ಅದನ್ನು ಅಳೆದರೆ ಕಣಗಳೆಷ್ಟು ಅಂತಲೇ ಗೊತ್ತಾಗುತ್ತದೆ. ನನಗೆ ಟ್ರೈಗ್ಲಿಸರೈಡ್ (ರಕ್ತದಲ್ಲಿರುವ ಇನ್ನೊಂದು ಬಗೆಯ ಕೊಬ್ಬು) 220, ಅಂದರೆ ಜಾಸ್ತಿ. ಇಂಥವರಲ್ಲಿ ಸಾಮಾನ್ಯವಾಗಿ ಕಣಗಳು ಚಿಕ್ಕವು, ಸಂಖ್ಯೆ ಮಾತ್ರ ಜಾಸ್ತಿ. ಎಲ್‌ಡಿಎಲ್ ಒಂದನ್ನೇ ನೋಡಿದರೆ ಇದು ಕಾಣುವುದೇ ಇಲ್ಲ, ಅಲ್ವಾ?

ಎಲ್‌ಪಿ(ಎ) (ಎಲ್‌ಡಿಎಲ್‌ನಂತೆಯೇ ಕೊಲೆಸ್ಟ್ರಾಲ್ ಹೊರುವ ಇನ್ನೊಂದು ಬಗೆಯ ಕಣ) ಡೆಸಿಲೀಟರಿಗೆ 84 ಮಿಲಿಗ್ರಾಂ. 50 ದಾಟಿದರೆ ಜಾಸ್ತಿ ಅಂತ ಲೆಕ್ಕ. ಇದು ಹೆಚ್ಚಾಗಿ ವಂಶದಿಂದ ಬರುವುದು. ಪಥ್ಯ, ವಾಕಿಂಗ್‌ಗೆ ಇಳಿಯುವುದಿಲ್ಲ, ಸ್ಟ್ಯಾಟಿನ್‌ಗೂ (ಕೊಲೆಸ್ಟ್ರಾಲ್ ಇಳಿಸುವ ಮಾತ್ರೆ) ಇಳಿಯುವುದಿಲ್ಲ. ಆದರೂ ಸ್ಟ್ಯಾಟಿನ್ ಶುರು ಮಾಡಿದ್ದಾರೆ. ಎಲ್‌ಪಿ(ಎ) ಇಳಿಸಲು ಆಗದಿದ್ದರೆ ಇಳಿಸಬಹುದಾದ ಎಲ್‌ಡಿಎಲ್, ಅಪೊಬಿಯನ್ನು ಚೆನ್ನಾಗಿ ಇಳಿಸೋಣ ಎಂದರು. ನನಗೆ ಆ ಮಾತು ಸರಿ ಅನ್ನಿಸಿತು.

ಒಡಹುಟ್ಟಿದವರೂ ಒಮ್ಮೆ ಎಲ್‌ಪಿ(ಎ) ಮಾಡಿಸಬೇಕಂತೆ. ಹೆಚ್ಚಿನವರಿಗೆ ಜೀವನದಲ್ಲಿ ಒಂದು ಸಲ ಸಾಕು, ಖಾಲಿ ಹೊಟ್ಟೆಯೂ ಬೇಡ. ತಂಗಿಯದು ನಾರ್ಮಲ್ ಬಂತು. ತಮ್ಮ ಇನ್ನೂ ಹೋಗಿಲ್ಲ, ಈ ಶನಿವಾರ ನಾನೇ ಕರೆದುಕೊಂಡು ಹೋಗುತ್ತೇನೆ.