ಸಹಾಯ ಬೇಕು: ತಾತ ಹೇಳಿದ್ದು ಒಂದು, ಪದಕ ಹೇಳೋದು ಇನ್ನೊಂದು

ನಮ್ಮ ತಾತ 1971ರ ಯುದ್ಧ ಮಾಡಿ ಬಂದವರು. ಆಮೇಲೆ ಊರಲ್ಲೇ ಹೊಲ ನೋಡಿಕೊಂಡು 90 ದಾಟಿ ಬದುಕಿದರು. ಈ ವರ್ಷ ತೀರಿಕೊಂಡರು. ವರ್ಷದ ತಿಥಿಗೆ ಅವರ ಬದುಕಿನ ಬಗ್ಗೆ ಸಣ್ಣ ಪುಸ್ತಕ ಮಾಡಿ ಹಂಚಬೇಕು ಅಂತಿದ್ದೇವೆ.

ತಾತ ಹೇಳುತ್ತಿದ್ದದ್ದೆಲ್ಲ ಬಾಂಗ್ಲಾ ಕಡೆಯ ನದಿ, ಕೆಸರು, ಡಿಸೆಂಬರ್ 16ಕ್ಕೆ ಢಾಕಾದಲ್ಲಿ ಪಾಕಿಸ್ತಾನಿ ಸೇನೆ ಶರಣಾದ ವಿಷಯ. ಆದರೆ ಟ್ರಂಕಿನಲ್ಲಿ ಸಿಕ್ಕಿದ್ದು 1971ರ ಯುದ್ಧದ ಸಂಗ್ರಾಮ್ ಮೆಡಲ್ ಮತ್ತು ಪಶ್ಚಿಮ ಗಡಿಯಲ್ಲಿದ್ದವರಿಗೆ ಕೊಟ್ಟ ಪಶ್ಚಿಮಿ ಸ್ಟಾರ್ ಪದಕ. ಪೂರ್ವದಲ್ಲಿ ಹೋರಾಡಿದವರಿಗೆ ಕೊಟ್ಟಿದ್ದು ಪೂರ್ವಿ ಸ್ಟಾರ್ ಅಲ್ವಾ? ಸಂಗ್ರಾಮ್ ಮೆಡಲ್ ಅಂಚಿನಲ್ಲಿರೋ ನಂಬರ್ ಪಿಂಚಣಿ ಕಾಗದದ ಸರ್ವಿಸ್ ನಂಬರಿಗೆ ಸರಿಹೊಂದುತ್ತದೆ. ಸ್ಟಾರ್ ಮೇಲೆ ಏನೂ ಓದಲಾಗುತ್ತಿಲ್ಲ. ಅಜ್ಜಿ ಹಬ್ಬ ಬಂದಾಗೆಲ್ಲ ಹುಣಸೆಹಣ್ಣು ಹಾಕಿ ಉಜ್ಜುತ್ತಿದ್ದರಂತೆ!

ಸೈನ್ಯ ಬಿಟ್ಟಾಗ ಕೊಡೋ ಸೇವಾ ವಿವರದ ಪುಸ್ತಕ (ಡಿಸ್ಚಾರ್ಜ್ ಬುಕ್) ಮಳೆನೀರಿಗೆ ಹಾಳಾಗಿದೆ. ಜೊತೆಗಿದ್ದವರು ಯಾರೂ ಉಳಿದಿಲ್ಲ. ಸೈನಿಕ ಕಲ್ಯಾಣ ಕಚೇರಿಯಲ್ಲಿ ಕೇಳಿದರೆ ರೆಜಿಮೆಂಟಿನ ರೆಕಾರ್ಡ್ಸ್ ಆಫೀಸಿಗೆ ಬರೆಯಿರಿ ಅಂದರು. ಸುಮ್ನೆ ಅಂದಾಜಿನ ಮೇಲೆ ಅಚ್ಚು ಹಾಕಿಸೋಕೆ ಮನಸ್ಸಿಲ್ಲ.

ಮೊಮ್ಮಗಳಾದ ನಾನು ಬರೆದರೆ ತಾತನ ಸೇವಾ ವಿವರ ಕೊಡುತ್ತಾರಾ, ಇಲ್ಲ ಫ್ಯಾಮಿಲಿ ಪಿಂಚಣಿ ಪಡೆಯೋ ಅಜ್ಜಿಯೇ ಅರ್ಜಿ ಹಾಕಬೇಕಾ? ಜೊತೆಗೆ ಯಾವ ಕಾಗದ ಇಡಬೇಕು? ಹೀಗೆ ವಿವರ ತರಿಸಿಕೊಂಡವರು ದಯವಿಟ್ಟು ತಿಳಿಸಿ.