ಕಡಲ ದಂಡೆಯೋ, ರೈಲು ಹತ್ತಿರದ ಊರೋ: ಓದುಗರ ಸ್ಪಂದನ

ಕಳೆದ ಸಂಚಿಕೆಯಲ್ಲಿ ಓದುಗರೊಬ್ಬರು ತಮ್ಮ ಗೊಂದಲ ಬರೆದಿದ್ದರು. ಅವರ ಕೆಲಸ ಮನೆಯಿಂದಲೇ ನಡೆಯುತ್ತದೆ. ಹೆಂಡತಿ ವಾರಕ್ಕೆ ನಾಲ್ಕು ದಿನ ನಗರದ ಕಚೇರಿಗೆ ಹೋಗಲೇಬೇಕು. ಮಗಳು ಇನ್ನೂ ಚಿಕ್ಕವಳು. ಮನೆ ಕೊಳ್ಳಲು ಎರಡು ಊರು ನೋಡಿಟ್ಟಿದ್ದಾರೆ. ಒಂದು ಕಡಲ ದಂಡೆಯದು, ಅಲ್ಲಿಂದ ಕಚೇರಿಗೆ ಸುಮಾರು ಎರಡು ಗಂಟೆ. ಇನ್ನೊಂದು ಒಳನಾಡಿನದು, ರೈಲಿನಲ್ಲಿ ನಲವತ್ತು ನಿಮಿಷ. ಆದರೆ ಅದು ‘ಜನ ರಾತ್ರಿ ಮಲಗಲು ಮಾತ್ರ ಬರುವ ಊರು’ ಎಂದು ಅವರಿಗೆ ಬೇಸರ. ಬಂದ ಪತ್ರಗಳಲ್ಲಿ ಜಾಸ್ತಿ ಸಮುದ್ರದ ಪರವಾಗಿಯೇ ಇದ್ದವು. ಅಂಥದ್ದೊಂದರಿಂದಲೇ ಶುರು ಮಾಡುತ್ತೇವೆ.

* * *

ಇದರಲ್ಲಿ ಯೋಚನೆ ಮಾಡುವುದೇನಿದೆ? ಸಮುದ್ರಕ್ಕೇ ಹೋಗಿ. ನೀರು ನಿಧಾನವಾಗಿ ಕಾಯುತ್ತದೆ, ನಿಧಾನವಾಗಿ ತಣಿಯುತ್ತದೆ. ಅದಕ್ಕೇ ದಂಡೆಯ ಊರಿನಲ್ಲಿ ಹಗಲಿಗೂ ರಾತ್ರಿಗೂ ಒಳನಾಡಿನಷ್ಟು ವ್ಯತ್ಯಾಸ ಇರುವುದಿಲ್ಲ. ಹಗಲು ಕಡಲ ಕಡೆಯಿಂದ ಗಾಳಿ ಬೀಸುತ್ತದೆ, ರಾತ್ರಿ ನೆಲದ ಕಡೆಯಿಂದ. ಅಲೆ ನೋಡುತ್ತಾ ಬೆಳೆಯುವ ಮಗುವಿಗೆ ಅದೇ ದೊಡ್ಡ ಆಸ್ತಿ. ಕೆಲಸ ಇವತ್ತು ಇರುತ್ತದೆ, ನಾಳೆ ಬದಲಾಗುತ್ತದೆ.

– ದಂಡೆಯಲ್ಲೇ ಹುಟ್ಟಿ ಬೆಳೆದವರು

* * *

ಯಾವ ಊರು ಎಂದು ನಾನು ಹೇಳಲಾರೆ. ಯಾವ ಮನೆ ಎಂದು ಹೇಳಬಲ್ಲೆ. ಅಲೆ ಒಡೆದಾಗ ಉಪ್ಪಿನ ಸಣ್ಣ ಹನಿಗಳು ಗಾಳಿಗೆ ಸೇರುತ್ತವೆ. ಗಾಳಿಯ ತೇವಾಂಶ ಸುಮಾರು ಶೇ. 75 ದಾಟಿದರೆ ಸಾಕು, ಕೂತ ಉಪ್ಪು ತಾನೇ ನೀರು ಹೀರಿಕೊಂಡು ಒದ್ದೆಯಾಗುತ್ತದೆ. ಅಂದರೆ ಮಳೆ ಬರದಿದ್ದರೂ ಕಬ್ಬಿಣದ ಮೇಲೆ ಉಪ್ಪುನೀರು ಇದ್ದೇ ಇರುತ್ತದೆ. ಉಪ್ಪಿನಲ್ಲಿರುವ ಕ್ಲೋರೈಡ್ ಕಾಂಕ್ರೀಟಿನೊಳಗೆ ಇಳಿದರೆ ಸರಳುಗಳಿಗೆ ತುಕ್ಕು ಹಿಡಿಯುತ್ತದೆ. ತುಕ್ಕಿಗೆ ಕಬ್ಬಿಣಕ್ಕಿಂತ ಜಾಸ್ತಿ ಜಾಗ ಬೇಕು. ಅದು ಉಬ್ಬಿದಾಗ ಕಾಂಕ್ರೀಟ್ ಬಿರುಕು ಬಿಟ್ಟು ಚಕ್ಕೆಯಾಗಿ ಉದುರುತ್ತದೆ. ಬಾಲ್ಕನಿಯ ಅಡಿಭಾಗ, ಕಿಟಕಿ ಮೇಲಿನ ಸಜ್ಜೆಯ ಅಂಚು, ಕಂಬದ ಬುಡ ನೋಡಿ. ಅಲ್ಲಿ ಮಾತ್ರ ಹೊಸ ಬಣ್ಣ ಬಳಿದಿದ್ದರೆ ಇನ್ನೂ ಹತ್ತಿರದಿಂದ ನೋಡಿ. ಹೊರಗಿನ ಕಂಬಿ, ಬೋಲ್ಟುಗಳಿಗೆ 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಸಾಲದು, ಉಪ್ಪನ್ನು ಹೆಚ್ಚು ತಾಳುವ 316 ದರ್ಜೆಯದು ಹಾಕಿಸಿ.

ಬಾವಿ ನೀರನ್ನೂ ಪರೀಕ್ಷೆ ಮಾಡಿಸಿ. ದಂಡೆಯಲ್ಲಿ ಸಿಹಿನೀರು ಉಪ್ಪುನೀರಿನ ಮೇಲೆ ತೇಲುತ್ತಿರುತ್ತದೆ. ಸಿಹಿನೀರನ್ನು ವಿಪರೀತ ಎತ್ತಿದರೆ ಉಪ್ಪುನೀರು ಮೇಲೇರುತ್ತದೆ. ಇನ್ನೊಂದು ಮಾತು. 1901ರಿಂದ 2018ರೊಳಗೆ ಜಗತ್ತಿನ ಸರಾಸರಿ ಸಮುದ್ರ ಮಟ್ಟ ಸುಮಾರು 20 ಸೆಂಟಿಮೀಟರ್ ಏರಿದೆ. ಕೊನೆಯ ವರ್ಷಗಳಲ್ಲಿ ಏರುವ ವೇಗವೂ ಹೆಚ್ಚಿದೆ. ಮನೆ ಸಮುದ್ರ ಮಟ್ಟದಿಂದ ಎಷ್ಟು ಎತ್ತರದಲ್ಲಿದೆ, ದಂಡೆ ಕೊರೆಯುತ್ತಿದೆಯೇ ಎಂದು ಅಲ್ಲಿನ ಹಿರಿಯರನ್ನು ಕೇಳಿ.

– ನಿವೃತ್ತ ಸಿವಿಲ್ ಎಂಜಿನಿಯರ್

* * *

ಮನೆ ಕೊಳ್ಳುವವರೆಲ್ಲ ಇದನ್ನು ಕತ್ತರಿಸಿ ಇಟ್ಟುಕೊಳ್ಳಬಹುದು. ಇನ್ನು ಓಡಾಟದ ಮಾತಿಗೆ ಬರೋಣ. ಪ್ರಶ್ನೆ ಕೇಳಿದವರು ಅದಕ್ಕೆ ಒಂದೇ ಸಾಲು ಕೊಟ್ಟಿದ್ದರು: ‘ಹೆಂಡತಿ ಪರವಾಗಿಲ್ಲ ಅಂದಿದ್ದಾಳೆ.’

* * *

ದಿನಕ್ಕೆ ನಾಲ್ಕು ಗಂಟೆ ಓಡಾಡುವುದು ಅವರು. ಆಯ್ಕೆ ಅವರದು. ನಮ್ಮನ್ನು ಕೇಳಬೇಡಿ.

– ಒಬ್ಬ ಓದುಗಿ

* * *

ನಿಮ್ಮ ಪತ್ರ ಓದಿದ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ. ನಮ್ಮಪ್ಪನಿಗೂ ಸಮುದ್ರ ಅಂದರೆ ನಿಮ್ಮಷ್ಟೇ ಪ್ರೀತಿ. ಅವರ ಕೆಲಸ ಊರಲ್ಲೇ, ಅಮ್ಮನ ಕೆಲಸ ನಗರದಲ್ಲಿ. ಮುಂದಿನ ಕೋಣೆಯ ಕಿಟಕಿಯಿಂದ ಕಡಲು ಕಾಣುತ್ತಿತ್ತು. ಬಂದವರೆಲ್ಲ ಅಲ್ಲಿ ನಿಂತು ನಮ್ಮನ್ನು ಪುಣ್ಯವಂತರು ಅನ್ನುತ್ತಿದ್ದರು. ಅಮ್ಮ ಕತ್ತಲಿರುವಾಗ ಹೊರಡುತ್ತಿದ್ದರು, ಕತ್ತಲಾದ ಮೇಲೆ ಬರುತ್ತಿದ್ದರು. ವಾರದ ದಿನಗಳಲ್ಲಿ ಆ ಕಿಟಕಿಯಿಂದ ಅವರಿಗೆ ಏನೂ ಕಾಣುತ್ತಿರಲಿಲ್ಲ.

ಅಪ್ಪ ಕೆಟ್ಟವರಲ್ಲ. ಅಡುಗೆ ಮಾಡುತ್ತಿದ್ದರು, ನನಗೆ ಜಡೆ ಹಾಕುತ್ತಿದ್ದರು, ಜ್ವರ ಬಂದರೆ ರಾತ್ರಿಯೆಲ್ಲ ಪಕ್ಕದಲ್ಲೇ ಕೂರುತ್ತಿದ್ದರು. ಅದರಿಂದಲೇ ನನಗೆ ಅಪ್ಪ ಹತ್ತಿರವಾದರು, ಅಮ್ಮ ದೂರವಾದರು. ಅಮ್ಮ ಬರುವ ಹೊತ್ತಿಗೆ ನಾನು ಹೇಳಬೇಕಾದದ್ದೆಲ್ಲ ಹೇಳಿ ಮುಗಿದಿರುತ್ತಿತ್ತು. ಒಂದು ಸಲ ಅಮ್ಮ ಬಾಗಿಲಲ್ಲೇ ನಿಂತು, ‘ಇವತ್ತು ಶಾಲೆಲಿ ಏನಾಯ್ತು?’ ಅಂದರು. ‘ಅಪ್ಪಂಗೆ ಹೇಳಿದೀನಿ, ಅವ್ರನ್ನೇ ಕೇಳು’ ಅಂದೆ. ಮಗುವಿನ ಮಾತು ಅದು, ಯಾರೂ ಮನಸ್ಸಿಗೆ ಹಚ್ಚಿಕೊಳ್ಳುವಂಥದ್ದಲ್ಲ. ಆದರೆ ಅಮ್ಮ ಮತ್ತೆ ಕೇಳಲಿಲ್ಲ. ಅವತ್ತೂ ಕೇಳಲಿಲ್ಲ, ಆಮೇಲೂ ಕೇಳಲಿಲ್ಲ.

ಅವರಿಬ್ಬರೂ ಜಗಳ ಆಡಿದ್ದು ನಾನು ಕಂಡಿಲ್ಲ. ಜಗಳಕ್ಕೂ ಒಂದಿಷ್ಟು ಹೊತ್ತು, ಒಂದಿಷ್ಟು ಶಕ್ತಿ ಬೇಕು ಅಲ್ವಾ? ರೈಲಿಗೆ ಹತ್ತಿರದ ಊರಿಗೆ ಹೋಗೋಣ ಎಂದು ಅಮ್ಮ ಮೊದಲ ವರ್ಷವೇ ಕೇಳಿದ್ದರಂತೆ. ಅದು ನನಗೆ ತಿಳಿದದ್ದು ಅವರು ತೀರಿಹೋದ ಮೇಲೆ, ಅಪ್ಪ ಹೇಳಿದಾಗ. ನಿವೃತ್ತಿಯಾದ ಮೇಲೆ ದಿನಾ ದಂಡೆಯಲ್ಲಿ ನಡೆಯಬೇಕು ಎಂದು ಅಮ್ಮ ಅಂದುಕೊಂಡಿದ್ದರು. ಅಷ್ಟರಲ್ಲಿ ಕಾಯಿಲೆ ಬಂತು. ಚಿಕಿತ್ಸೆಗೂ ಅದೇ ನಗರ, ಅದೇ ಎರಡು ಗಂಟೆಯ ದಾರಿ.

ನಿಮ್ಮ ಹೆಂಡತಿ ‘ಪರವಾಗಿಲ್ಲ’ ಅಂದಿದ್ದಾರೆ ಎಂದು ಬರೆದಿದ್ದೀರಿ. ನಮ್ಮಮ್ಮ ಕೂಡ ಹಾಗೇ ಅನ್ನುತ್ತಿದ್ದರು. ಅಪ್ಪ ಅದನ್ನು ಒಪ್ಪಿಗೆ ಅಂದುಕೊಂಡರು. ದಯವಿಟ್ಟು ಇನ್ನೊಂದು ಸಲ ಕೇಳಿ. ಅವರು ಉತ್ತರ ಹೇಳಿ ಮುಗಿಸುವ ತನಕ ಸಮುದ್ರದ ಮಾತು ಎತ್ತಬೇಡಿ.

– ಹೆಸರು ಬೇಡ ಎಂದು ಕೋರಿದ್ದಾರೆ

* * *

ಈ ಪತ್ರವನ್ನು ನಾವು ಎಲ್ಲೂ ಕಡಿಮೆ ಮಾಡಿಲ್ಲ.

* * *

‘ಮಲಗುವ ಊರು’ ಎಂದು ನಮ್ಮಂಥ ಊರುಗಳನ್ನು ತಳ್ಳಿಹಾಕಬೇಡಿ. ಸಂಜೆ ಆರೂವರೆಯ ರೈಲಿಳಿದು ನಾನು ಮಗನ ಜೊತೆ ಆಟದ ಮೈದಾನಕ್ಕೆ ಹೋಗುತ್ತೇನೆ. ಅಲ್ಲಿ ನನ್ನ ಜೊತೆ ಇಳಿದವರೇ ಇರುತ್ತಾರೆ. 2004ರಲ್ಲಿ ಮನಶ್ಶಾಸ್ತ್ರಜ್ಞ ಡೇನಿಯಲ್ ಕಾನೆಮನ್ ಮತ್ತು ಸಂಗಡಿಗರು ಟೆಕ್ಸಾಸ್‌ನ 909 ದುಡಿಯುವ ಮಹಿಳೆಯರನ್ನು ಅವರ ಹಿಂದಿನ ದಿನದ ಬಗ್ಗೆ ಕೇಳಿದ್ದರು. ದಿನದ ಕೆಲಸಗಳಲ್ಲೆಲ್ಲ ಅತಿ ಕಡಿಮೆ ಖುಷಿ ಕೊಟ್ಟದ್ದು ಬೆಳಗ್ಗೆ ಕಚೇರಿಗೆ ಹೋಗುವ ಪ್ರಯಾಣ. ನಲವತ್ತು ನಿಮಿಷವೂ ಪ್ರಯಾಣವೇ, ಒಪ್ಪುತ್ತೇನೆ. ಆದರೆ ಅದರಾಚೆಗೆ ಸಂಜೆ ಅನ್ನುವುದು ಉಳಿಯುತ್ತದೆ.

ಎರಡೂ ಊರಿನಿಂದ ಒಂದೊಂದು ವಾರ ನಿಮ್ಮ ಹೆಂಡತಿಯ ಜೊತೆ ನೀವೂ ಕಚೇರಿ ತನಕ ಹೋಗಿ ಬನ್ನಿ. ವೇಳಾಪಟ್ಟಿ ನಂಬಬೇಡಿ, ಮನೆ ಬಾಗಿಲಿಂದ ಕಚೇರಿ ಬಾಗಿಲಿಗೆ ಲೆಕ್ಕ ಹಾಕಿ. ಕೂರಲು ಸೀಟು ಸಿಗುತ್ತದೆಯೇ, ಒಂದು ರೈಲು ತಪ್ಪಿದರೆ ಮುಂದಿನದು ಎಷ್ಟು ಹೊತ್ತಿಗೆ, ಕೊನೆಯದು ಯಾವಾಗ ಎಂದು ನೋಡಿ.

– ದಿನಾ ರೈಲು ಹತ್ತುವವರು

* * *

ಮುಂದಿನ ಸಂಚಿಕೆಯಲ್ಲೂ ಈ ಚರ್ಚೆ ಮುಂದುವರಿಯಲಿದೆ. ಪ್ರಶ್ನೆ ಕೇಳಿದವರ ಪತ್ನಿ ಬರೆಯಲು ಇಷ್ಟಪಟ್ಟರೆ ಮೊದಲ ಜಾಗ ಅವರಿಗೆ. ಪತ್ರ ಚಿಕ್ಕದಿದ್ದರೂ ಸರಿ. – ಸಂ.