ಜಾಬ್ ಕೋಚ್‌ಗಳಿಗೆ ಎಂತ ಟ್ರೈನಿಂಗ್ ಕೊಡುದು? ಗ್ರೂಪಿನ ಪ್ರಶ್ನೋತ್ತರ

ಪ್ರಶ್ನೆ (ವಿಶೇಷ ಶಾಲೆ ಟೀಚರ್, ಕಾಪು): ನಮಸ್ತೆ ಮೇಡಂ. ನಮ್ಮ ಶಾಲೆಯಲ್ಲಿ 18 ದಾಟಿದವ್ರು ಸುಮಾರು ಜನ ಇದ್ದಾರೆ, ಎಲ್ರಿಗೂ ಬೌದ್ಧಿಕ ಅಂಗವಿಕಲತೆ, ಕ್ಯಾಂಡಲ್ ಮಾಡ್ತಾರೆ ಪೇಪರ್ ಕವರ್ ಮಾಡ್ತಾರೆ ಆದ್ರೆ ಹೊರಗೆ ಕೆಲಸ ಅಂತ ಯಾರಿಗೂ ಆಗ್ಲಿಲ್ಲ. ಈಗ ಉಡುಪಿ ಹತ್ರ ಒಂದು ಹೋಂ ಪ್ರಾಡಕ್ಟ್ಸ್‌ನವ್ರು ಬಾಳೆಕಾಯಿ ಚಿಪ್ಸ್ ಪ್ಯಾಕಿಂಗಿಗೆ ಇಬ್ರನ್ನ ತಗೊಳ್ತೇವೆ ಅಂದಿದ್ದಾರೆ. ಜಾಬ್ ಕೋಚ್ ಆಗಿ, ಅಂದ್ರೆ ಕೆಲಸದ ಜಾಗದಲ್ಲೇ ಜೊತೆಗಿದ್ದು ಕಲಿಸ್ಲಿಕ್ಕೆ, ನಮ್ಮ ಆಯಾ ಒಬ್ರು, ಪಂಚಾಯತಿನ ವಿಆರ್‌ಡಬ್ಲ್ಯು (ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು) ಒಬ್ರು ರೆಡಿ. ಇವ್ರಿಗೆ ಎರಡು ದಿನ ಕ್ಲಾಸ್ ಇಟ್ರೆ ಸಾಕಾ?

ಉತ್ತರ: ಕ್ಲಾಸಿಗೆ ಅರ್ಧ ದಿನ ಸಾಕು ಟೀಚರ್, ಬಾಕಿದ್ದೆಲ್ಲ ಆ ಪ್ಯಾಕಿಂಗ್ ಟೇಬಲಿನ ಹತ್ರವೇ ಆಗ್ಬೇಕು. ಶಾಲೆಯಲ್ಲಿ ಕ್ಯಾಂಡಲ್ ಚಂದ ಮಾಡುವವ ಜಾಗ ಬದಲಾದ ಕೂಡ್ಲೇ ಕೈಕಟ್ಟಿ ನಿಲ್ತಾನೆ, ಸೋಮಾರಿತನ ಅಲ್ಲ ಅದು, ಒಂದು ಕಡೆ ಕಲ್ತದ್ದನ್ನ ಇನ್ನೊಂದು ಕಡೆ ಹೊಂದಿಸ್ಲಿಕ್ಕೆ ಇವ್ರಿಗೆ ಕಷ್ಟ. ಅದಕ್ಕೇ ಮೊದ್ಲು ಕೆಲಸಕ್ಕೆ ಸೇರ್ಸಿ ಆಮೇಲೆ ಅಲ್ಲೇ ಕಲಿಸುದು ಅನ್ನುವ ಕ್ರಮ ಬಂದದ್ದು. ಅಮೆರಿಕದಲ್ಲಿ 1986ರಲ್ಲೇ ಇದು ಕಾನೂನಿಗೆ ಸೇರಿದೆ, ನಾವಿನ್ನೂ ಕ್ಯಾಂಡಲ್‌ನಲ್ಲೇ ಇದ್ದೇವೆ ಬಿಡಿ.

ಕೋಚ್ ಆಗುವವ್ರು ಮೊದ್ಲು ತಾವೇ ಕೂತು ಪ್ಯಾಕ್ ಮಾಡ್ಬೇಕು, ನಿಂತು ನೋಡಿದ್ರೆ ಸಾಲ್ದು. ಓನರಿಗೆ ಪ್ಯಾಕಿಂಗ್ ಅಂದ್ರೆ ಒಂದೇ ಕೆಲಸ, ಕೋಚ್ ಬರೆಯುವಾಗ ಕವರ್ ತೆಗಿ, ಬಾಯಿ ಬಿಡಿಸು, ಚಿಪ್ಸ್ ಹಾಕು, ತೂಕಕ್ಕಿಡು, ಕಮ್ಮಿ ಇದ್ರೆ ಹಾಕು, ಜಾಸ್ತಿ ಇದ್ರೆ ತೆಗಿ, ಸೀಲ್ ಮಾಡು ಅಂತ ಉದ್ದ ಆಗ್ತಾ ಹೋಗ್ತದೆ. ಹಾಗೆ ಬರೆದ್ರೆ ಎಲ್ಲಿ ನಿಲ್ತದೆ ಅಂತ ಗೊತ್ತಾಗುದು. ತೂಕದಲ್ಲಂತೂ ನಿಂತೇ ನಿಲ್ತದೆ, ಡಿಜಿಟಲ್ ಮೆಷಿನಲ್ಲಿ 196, 203 ಅಂತ ನಂಬರ್ ಓಡ್ತಾ ಇದ್ರೆ ಅಂಕೆ ಬಾರದವ್ರು ಎಂತ ಮಾಡುದು? ಅಲ್ಲಿ ಅಂಕೆ ಕಲಿಸ್ಲಿಕ್ಕೆ ಕೂರ್ಬೇಡಿ ಮಾರಾಯ್ರೆ. ಎರಡು ತಟ್ಟೆಯ ತಕ್ಕಡಿ ಇಡಿ, ಒಂದರಲ್ಲಿ 200 ಗ್ರಾಮಿನ ಬಟ್ಟು, ಅದರ ಜೊತೆ ಒಂದು ಖಾಲಿ ಕವರ್ ಸಹ ಇಡಿ, ಇಲ್ಲದಿದ್ರೆ ಕವರಿನ ತೂಕದಷ್ಟು ಚಿಪ್ಸ್ ಕಮ್ಮಿ ಬೀಳ್ತದೆ. ಎರಡು ತಟ್ಟೆಯೂ ಸಮ ನಿಂತ್ರೆ ಆಯ್ತು.

ಅರ್ಧ ದಿನದ ಕ್ಲಾಸಲ್ಲಿ ನಾನು ಮಾಡಿಸುದು ಮಲ್ಲಿಗೆ ಕಟ್ಟುದು. ನಿಮಗೆ ಮಲ್ಲಿಗೆಯ ಊರು ಶಂಕರಪುರ ಹತ್ರವೇ, ಕಟ್ಲಿಕ್ಕೆ ಬರುವವ್ರು ಸಿಕ್ತಾರೆ. ಅವ್ರು ಬಾರದವ್ರಿಗೆ ಬಾಳೆ ನಾರಲ್ಲಿ ಕಟ್ಟುದು ಕಲಿಸ್ಬೇಕು, ಆದ್ರೆ ಬಾಯಿ ತೆರೀಬಾರ್ದು. ಸ್ವಲ್ಪ ಹೊತ್ತಲ್ಲೇ ಎದುರಿನವ್ರ ಕೈಯಿಂದ ನಾರು ಕಿತ್ಕೊಂಡು ತಾವೇ ಕಟ್ಲಿಕ್ಕೆ ಶುರು ಮಾಡ್ತಾರೆ. ಕೋಚ್‌ಗಳ ದೊಡ್ಡ ರೋಗ ಇದೇ, ಕನಿಕರದಿಂದ ಕೆಲಸ ತಾವೇ ಮಾಡಿ ಮುಗಿಸಿ ಬಿಡುದು.

ಕ್ರಮ ಎಂತ ಅಂದ್ರೆ ಮೊದ್ಲು ಸುಮ್ನೆ ಕಾಯಿರಿ, ಮನಸ್ಸಲ್ಲಿ ಐದರ ತನಕ ಎಣಿಸಿ. ಆಗ್ಲಿಲ್ವಾ, ಬೆರಳು ತೋರ್ಸಿ. ಆಮೇಲೆ ಮಾಡಿ ತೋರ್ಸಿ. ಕೈ ಹಿಡಿದು ಮಾಡಿಸುದು ಕೊನೆಗೆ, ಅದೂ ಅವ್ರನ್ನ ಕೇಳಿ. ಮಾತು ಆದಷ್ಟು ಕಮ್ಮಿ, ಯಾಕಂದ್ರೆ ಬೆರಳು ತೋರ್ಸುದು ನಿಲ್ಲಿಸ್ಲಿಕ್ಕೆ ಸುಲಭ, "ಹಾಕು, ಈಗ ಸೀಲ್ ಮಾಡು" ಅಂತ ಹೇಳಿಸ್ಕೊಂಡೇ ಅಭ್ಯಾಸ ಆದ್ರೆ ಮತ್ತೆ ಮಾತು ಬಾರದೆ ಕೈ ಏಳುದಿಲ್ಲ. ಹೇಳುದೇ ಆದ್ರೆ ಆ ಟೇಬಲಿನ ಭಾಷೆಯಲ್ಲಿ ಹೇಳಿ, ಅಲ್ಲಿ ಹೆಂಗಸ್ರು ತುಳುವಲ್ಲಿ "ದೀಲೆ" ಅಂತಿದ್ರೆ ನೀವು "ಇಡಿ" ಅಂತ ಕಲಿಸಿ ಪ್ರಯೋಜನ ಇಲ್ಲ.

ಪ್ರಶ್ನೆ: ಆ ವಿಆರ್‌ಡಬ್ಲ್ಯು ನಾನೇ 😀 ಎಷ್ಟು ದಿನ ಜೊತೆಗಿರ್ಬೇಕು ಮೇಡಂ? ಪಂಚಾಯತ್ ಕೆಲಸವೂ ಉಂಟಲ್ಲ.

ಉತ್ತರ: ದಿನದ ಲೆಕ್ಕ ಬೇಡ, ಶೀಟ್ ನೋಡಿ. ಒಂದೊಂದು ಸ್ಟೆಪ್ಪಿನ ಎದುರು ಸ್ವಂತ ಮಾಡಿದ್ರಾ, ಬೆರಳು ಬೇಕಾಯ್ತಾ, ಕೈ ಬೇಕಾಯ್ತಾ ಅಂತ ದಿನಾ ಗುರ್ತು ಹಾಕಿ. ಹೆಚ್ಚಿನದ್ದು ಸ್ವಂತ ಅಂತ ಆದ್ರೆ ಪಕ್ಕದಿಂದ ಎದ್ದು ಹಿಂದೆ ನಿಲ್ಲಿ, ಆಮೇಲೆ ಬಾಗಿಲ ಹತ್ರ, ಆಮೇಲೆ ವಾರಕ್ಕೆ ಒಂದೆರಡು ಸಲ ಬಂದ್ರೆ ಸಾಕು. ಒಂದೇ ಸ್ಟೆಪ್ಪಲ್ಲಿ ವಾರಗಟ್ಲೆ ಸಿಕ್ಕಿ ಬಿದ್ರೆ ಬದಲಾಯಿಸ್ಬೇಕಾದ್ದು ಸ್ಟೆಪ್ಪನ್ನ.

ಮತ್ತೆ ಅಲ್ಲಿ ಕೆಲಸ ಮಾಡುವ ಒಬ್ರು ಅಕ್ಕನನ್ನ ಮೊದಲ ದಿನವೇ ಹುಡುಕಿಟ್ಕೊಳ್ಳಿ. ಕವರ್ ಮುಗಿದ್ರೆ ಕೇಳುದು ಅವ್ರ ಹತ್ರ, ನಿಮ್ಮ ಹತ್ರ ಅಲ್ಲ. ಕೆಲಸ ಹೋಗುದು ಪ್ಯಾಕಿಂಗ್ ಬಾರದೆ ಅಂತ ಎಣಿಸ್ಬೇಡಿ, ಚಾ ಹೊತ್ತಲ್ಲಿ ಬೇರೆಯವ್ರ ಬುತ್ತಿ ತೆರೆದು ನೋಡಿದ, ಟಾಯ್ಲೆಟಿಗೆ ಹೇಳದೆ ಹೋದ, ಇಂಥದ್ದಕ್ಕೇ ಹೆಚ್ಚು. ಹಾಗಾಗಿ ಚಾ ಬ್ರೇಕನ್ನೂ ಸ್ಟೆಪ್ ಮಾಡಿ ಕಲಿಸಿ, ಆಗ ಕೋಚ್ ಮೊಬೈಲ್ ಹಿಡ್ಕೊಂಡು ಕೂರುದಲ್ಲ.

ಪ್ರಶ್ನೆ (ಒಬ್ರು ತಂದೆ, ಮಂಗಳೂರು): ಇಷ್ಟೆಲ್ಲ ಯಾಕೆ ಮೇಡಂ, ಸರ್ಕಾರಿ ಕೋಟಾ ಇಲ್ವಾ? ಪ್ರೈವೇಟಿನವ್ರು ಟ್ರೈನಿಂಗ್ ಅಂತ ಸಂಬಳ ಇಲ್ಲದೆ ದುಡಿಸಿದ್ರೆ? ಮಗ ಬಸ್ಸಲ್ಲಿ ಒಬ್ನೇ ಹೋಗಿದ್ದೇ ಇಲ್ಲ.

ಉತ್ತರ: ಕೋಟಾ ಉಂಟು ಸರ್. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಸರ್ಕಾರಿ ಹುದ್ದೆಗಳಲ್ಲಿ 4% ಇರುದು, ಅದರಲ್ಲಿ 1% ಮಾತ್ರ ಆಟಿಸಂ, ಬೌದ್ಧಿಕ ಅಂಗವಿಕಲತೆ, ಕಲಿಕಾ ನ್ಯೂನತೆ, ಮಾನಸಿಕ ಕಾಯಿಲೆ, ಬಹು ಅಂಗವಿಕಲತೆ ಎಲ್ರಿಗೂ ಸೇರಿ. ಅಂಗವಿಕಲತೆ 40% ಅಥವಾ ಜಾಸ್ತಿ ಇರ್ಬೇಕು. ಅರ್ಜಿ ಹಾಕಿ, ಅದನ್ನೇ ಕಾಯ್ತಾ ಕೂರ್ಬೇಡಿ.

ಸಂಬಳ ಮೊದಲ ದಿನದಿಂದ್ಲೇ, ಅವ್ನ ಹೆಸರಿನ ಬ್ಯಾಂಕ್ ಖಾತೆಗೆ, ಕೋಚ್ ಇದನ್ನ ಓನರ್ ಹತ್ರ ಮಾತಾಡಿಯೇ ಕೆಲಸಕ್ಕೆ ಕಳಿಸ್ಬೇಕು. ಇಎಸ್ಐ (ನೌಕರರ ವಿಮೆ) ಇರುವ ಜಾಗ ಆದ್ರೆ ಅದನ್ನೂ ಕೇಳಿ, ಅದಕ್ಕೆ ಬೇರೆಯವ್ರಿಗೆ ತಿಂಗಳ ಸಂಬಳದ ಮಿತಿ 21,000, ಅಂಗವಿಕಲರಿಗೆ 25,000.

ಬಸ್ಸೂ ಕೋಚಿನದ್ದೇ ಕೆಲಸ. ಸ್ಟೇಟ್ ಬ್ಯಾಂಕ್ ಬಸ್‌ಸ್ಟ್ಯಾಂಡಿನ ಆ ರಶ್ಶಲ್ಲಿ ಶುರು ಮಾಡ್ಬೇಡಿ, ನಿಮ್ಮ ಮನೆ ಹತ್ರದ ಸ್ಟಾಪಿಂದ, ದಿನಾ ಅದೇ ಹೊತ್ತಿನ ಬಸ್ಸು, ಅದೇ ಕಂಡಕ್ಟರ್. ಇಳಿಯುವ ಜಾಗಕ್ಕೆ ಹೆಸರಿಗಿಂತ ಕಾಣುವ ಗುರ್ತು ಹೇಳಿ, ಪೆಟ್ರೋಲ್ ಬಂಕ್ ಆದ ಕೂಡ್ಲೇ ಏಳು ಅಂತ. ಫೋನ್ ನಂಬರಿದ್ದ ಚೀಟಿ ಕಿಸೆಯಲ್ಲಿರ್ಲಿ. ಒಬ್ನೇ ಹತ್ತುವ ದಿನ ನೀವು ಬೈಕಲ್ಲಿ ಹಿಂದೆ ಬನ್ನಿ, ಆದ್ರೆ ಸ್ಟಾಪಲ್ಲಿ ಅವ್ನಿಗೆ ಕಾಣುವ ಹಾಗೆ ನಿಲ್ಬೇಡಿ.